ಹಳೆಯ ಪತ್ತೇದಾರನಿಗೆ ಹೊಸ ವೇಷ

ಪತ್ತೇದಾರನಿಗೆ ಮುಪ್ಪಿಲ್ಲ. ಅವನನ್ನು ಸೃಷ್ಟಿಸಿದ ಲೇಖಕನು ಕಾಲವಶನಾಗುತ್ತಾನೆ. ಅವನು ಸಂಚರಿಸಿದ ಬೀದಿಯ ಗ್ಯಾಸ್ ದೀಪಗಳು ಆರಿಹೋಗುತ್ತವೆ. ಅವನು ಮಾತ್ರ ಮತ್ತೊಂದು ತಲೆಮಾರಿನ ಬಾಗಿಲಿಗೆ ಬಂದು ನಿಲ್ಲುತ್ತಾನೆ. ಹಿಂದೆ ಪುಸ್ತಕದ ಪುಟಗಳಿಂದ ಬರುತ್ತಿದ್ದವನು ಇಂದು ದೂರದರ್ಶನದ ತೆರೆಯಿಂದ ಇಳಿದು ಬರುತ್ತಾನೆ. ಹಾಗೆ ಬರುವಾಗ ಅವನು ಏನನ್ನು ಉಳಿಸಿಕೊಳ್ಳಬೇಕು, ಏನನ್ನು ಕಳಚಿಡಬೇಕು ಎಂಬುದೇ ಪ್ರಶ್ನೆ.

ಈ ಪ್ರಶ್ನೆಗೆ ಇಂಗ್ಲೆಂಡು ಎರಡು ಬಗೆಯ ಉತ್ತರ ಕೊಟ್ಟಿದೆ. ಕಾನನ್ ಡಾಯ್ಲನ ಷರ್ಲಾಕ್ ಹೋಮ್ಸ್ 1887ರಲ್ಲಿ ಜನ್ಮ ತಾಳಿದವನು. 1891ರಿಂದ ‘ಸ್ಟ್ರಾಂಡ್’ ಮಾಸಪತ್ರಿಕೆಯಲ್ಲಿ ಅವನ ಕಥೆಗಳೊಡನೆ ಸಿಡ್ನಿ ಪ್ಯಾಜೆಟ್ಟನ ಚಿತ್ರಗಳು ಪ್ರಕಟವಾದುವು. ಓದುಗರ ಕಣ್ಣಿನಲ್ಲಿ ಹೋಮ್ಸನ ರೂಪ ನಿಂತದ್ದು ಆ ಚಿತ್ರಗಳಿಂದ. 1984ರಲ್ಲಿ ಆರಂಭವಾದ ಗ್ರಾನಡಾ ಸಂಸ್ಥೆಯ ಧಾರಾವಾಹಿಯಲ್ಲಿ ಜೆರೆಮಿ ಬ್ರೆಟ್ ಅದೇ ಹೋಮ್ಸನನ್ನು, ಅದೇ ಕಾಲದಲ್ಲಿಟ್ಟು ಅಭಿನಯಿಸಿದನು. 2010ರಲ್ಲಿ ಬಿ.ಬಿ.ಸಿ.ಯವರು ಬೇರೆ ಹಾದಿ ಹಿಡಿದರು. ಅವರ ಹೋಮ್ಸನ ಕೈಯಲ್ಲಿ ಮೊಬೈಲು; ಅವನ ಸುತ್ತ ಇಂದಿನ ಲಂಡನ್. ಆದರೂ ಡಾಕ್ಟರ್ ವಾಟ್ಸನ್ ಮೂಲದಲ್ಲಿದ್ದಂತೆ ಆಫ್ಘಾನಿಸ್ಥಾನದ ಯುದ್ಧದಿಂದಲೇ ಗಾಯಗೊಂಡು ಹಿಂತಿರುಗುತ್ತಾನೆ. ನೂರು ವರ್ಷಗಳ ಮೇಲೂ ಆ ವಿವರವನ್ನು ಬದಲಿಸಬೇಕಾಗಲಿಲ್ಲವೆಂಬುದು ಇತಿಹಾಸದ ಕ್ರೂರ ವಿನೋದ.

ಧೋತರ ಉಟ್ಟ ಸತ್ಯಾನ್ವೇಷಿ

ನಮ್ಮ ದೇಶದಲ್ಲಿ ಈ ಪ್ರಯೋಗಕ್ಕೆ ಒಳ್ಳೆಯ ನಿದರ್ಶನ ಬ್ಯೋಮಕೇಶ ಬಕ್ಷಿ. ಶರದಿಂದು ಬಂದ್ಯೋಪಾಧ್ಯಾಯರು 1932ರಿಂದ 1970ರಲ್ಲಿ ತಾವು ತೀರಿಕೊಳ್ಳುವವರೆಗೆ ಬಂಗಾಳಿಯಲ್ಲಿ ಬೆಳೆಸಿದ ಪಾತ್ರವಿದು. ಪತ್ತೇದಾರನೆಂಬ ಹೆಸರು ಅವನಿಗೆ ರುಚಿಸದು. ತನ್ನನ್ನು ಸತ್ಯಾನ್ವೇಷಿಯೆಂದು ಕರೆದುಕೊಳ್ಳುತ್ತಾನೆ. ಅವನು ಮದುವೆಯಾಗುತ್ತಾನೆ, ಸಂಸಾರ ಹೂಡುತ್ತಾನೆ. ಈ ಗೃಹಸ್ಥನನ್ನು 1993ರಲ್ಲಿ ಬಾಸು ಚಟರ್ಜಿಯವರು ದೂರದರ್ಶನಕ್ಕಾಗಿ ಹಿಂದಿಯಲ್ಲಿ ಚಿತ್ರಿಸಿದರು. ರಜಿತ್ ಕಪೂರ್ ಬ್ಯೋಮಕೇಶನಾದರು, ಕೆ. ಕೆ. ರೈನಾ ಗೆಳೆಯ ಅಜಿತನಾದರು. ಹೊಡೆದಾಟದ ಅಬ್ಬರವಿಲ್ಲ, ಹಾಡು ಕುಣಿತವಿಲ್ಲ. ಚಹದ ಬಟ್ಟಲಿನ ಮುಂದೆ ಇಬ್ಬರು ಗೆಳೆಯರ ಮಾತುಕತೆಯಲ್ಲೇ ಗಂಟು ಬಿಚ್ಚಿಕೊಳ್ಳುತ್ತಿತ್ತು. ಕನ್ನಡದ ಮನೆಗಳಲ್ಲಿಯೂ ಹಿರಿಯರು ಕಿರಿಯರು ಜೊತೆಯಾಗಿ ಕುಳಿತು ನೋಡಬಹುದಾದ ಧಾರಾವಾಹಿ ಅದಾಗಿತ್ತು. 2015ರ ದಿಬಾಕರ್ ಬ್ಯಾನರ್ಜಿಯವರ ಚಲನಚಿತ್ರದಲ್ಲಿ ಅದೇ ಬ್ಯೋಮಕೇಶನು ಯುದ್ಧಕಾಲದ ಕಲ್ಕತ್ತೆಯಲ್ಲಿ ತೀರ ತರುಣನಾಗಿ, ಇನ್ನೂ ಪಳಗದವನಾಗಿ ಕಾಣಿಸಿಕೊಂಡನು. ಪಾತ್ರ ಒಂದೇ, ಅವತಾರ ಬೇರೆ.

ನಮ್ಮ ಪುರುಷೋತ್ತಮ

ಕನ್ನಡಿಗರಿಗೆ ಇಂತಹ ಪಾತ್ರವಿಲ್ಲವೆ? ಇದ್ದಾನೆ. ಹೆಚ್ಚಿನ ಶಾಲಾ ಶಿಕ್ಷಣವಿಲ್ಲದ ಎನ್. ನರಸಿಂಹಯ್ಯನವರು ಐನೂರರಷ್ಟು ಕಾದಂಬರಿಗಳನ್ನು ಬರೆದರು. ಅವರ ಪತ್ತೇದಾರ ಪುರುಷೋತ್ತಮನ ಹೆಸರು ಕನ್ನಡದ ಮನೆಮಾತಾಯಿತು. ಎಷ್ಟೋ ಜನರಿಗೆ ಕನ್ನಡ ಓದಿನ ಚಟ ಹತ್ತಿದ್ದು ಆ ಅಗ್ಗದ ಪುಸ್ತಕಗಳಿಂದ. ನರಸಿಂಹಯ್ಯನವರು 2011ರಲ್ಲಿ ತೀರಿಕೊಂಡರು. ಬಾಡಿಗೆ ಪುಸ್ತಕದಂಗಡಿಗಳಲ್ಲಿ ಕೈಯಿಂದ ಕೈಗೆ ಸಾಗಿ ಹರಿದ ಆ ಪುಟಗಳು ಹೆಚ್ಚು ಕಾಲ ಬಾಳುವಂತಹವಲ್ಲ. ಹೋಮ್ಸನನ್ನು ಬಲ್ಲ ನಮ್ಮ ಮಕ್ಕಳು ಪುರುಷೋತ್ತಮನನ್ನು ಅರಿಯದೆ ಬೆಳೆದರೆ ಆ ನಷ್ಟ ಯಾರದು?

ಅವನನ್ನು ತೆರೆಗೆ ತರುವವರಿಗೆ ದಾರಿ ತೋರಬಲ್ಲ ಕೆಲಸವೊಂದು ನಮ್ಮವರಿಂದಲೇ ಆಗಿದೆ. ಹೊನ್ನಾವರ ತಾಲ್ಲೂಕಿನಲ್ಲಿ 1954ರಲ್ಲಿ ಹುಟ್ಟಿದ ಶಂಕರನಾಗ್ ಅವರು ಆರ್. ಕೆ. ನಾರಾಯಣರ ಕಥೆಗಳನ್ನು ‘ಮಾಲ್ಗುಡಿ ಡೇಸ್’ ಆಗಿ ದೂರದರ್ಶನಕ್ಕೆ ತಂದರು. ಭೂಪಟದಲ್ಲಿಲ್ಲದ ಮಾಲ್ಗುಡಿಗೆ ಅವರು ಆರಿಸಿದ್ದು ಮಲೆನಾಡಿನ ಆಗುಂಬೆಯನ್ನು. ಕಟ್ಟುಕತೆಯ ಊರಿಗೆ ನಿಜವಾದ ಮಳೆ, ನಿಜವಾದ ಜಗಲಿ ದೊರೆತಾಗ ನೋಡುಗರು ಅದನ್ನು ನಂಬಿದರು. 1990ರಲ್ಲಿ ಅವರು ಅಪಘಾತಕ್ಕೆ ಬಲಿಯಾಗದಿದ್ದಲ್ಲಿ ಇನ್ನೆಂತಹ ಕಥೆಗಳು ತೆರೆಗೆ ಬರುತ್ತಿದ್ದುವೋ!

ಬಾಡದ ಕಡಲತಡಿಯಲ್ಲಿ

ಊರನ್ನು ಆರಿಸುವುದೆಂದರೆ ಪತ್ತೇದಾರಿ ಕಥೆಯಲ್ಲಿ ಬರಿಯ ಹಿನ್ನೆಲೆಯನ್ನು ಆರಿಸಿದಂತಲ್ಲ, ಸಾಕ್ಷ್ಯವನ್ನೇ ಆರಿಸಿದಂತೆ. ಕುಮಟೆಯ ಸಮೀಪದ ಬಾಡದ ಮರಳಿನಲ್ಲಿ ನಡುರಾತ್ರಿ ಮೂಡಿದ ಹೆಜ್ಜೆಯೊಂದನ್ನು ಕಲ್ಪಿಸಿಕೊಳ್ಳಿರಿ. ಉಬ್ಬರ ಇಳಿತಗಳ ವೇಳೆಯನ್ನು ಬಲ್ಲವನಿಗೆ ಆ ಗುರುತು ಯಾವಾಗ ಮೂಡಿತು, ಅಲೆ ಅದನ್ನೇಕೆ ಅಳಿಸಲಿಲ್ಲ ಎಂಬುದು ತಿಳಿಯುತ್ತದೆ. ಲಂಡನ್ನಿನ ಮಂಜು ಮಾಡುವ ಕೆಲಸವನ್ನು ಇಲ್ಲಿ ಕಡಲೇ ಮಾಡೀತು.

ಆದರೆ ಕಾಲದ ತೊಡಕನ್ನು ಮರೆಯಲಾಗದು. ಶರಾವತಿಗೆ ಸೇತುವೆಯಿಲ್ಲದ ದಿನಗಳಲ್ಲಿ, “ಕೊನೆಯ ದೋಣಿ ತಪ್ಪಿಹೋಯಿತು, ನಾನು ಆಚೆಯ ದಡದಲ್ಲೇ ಉಳಿದೆ” ಎಂದು ಅಪರಾಧಿ ಹೇಳಿದರೆ ಅದನ್ನು ಸುಳ್ಳೆಂದು ತೋರಿಸುವುದಕ್ಕೆ ಪತ್ತೇದಾರನು ಬಹಳ ಶ್ರಮಿಸಬೇಕಿತ್ತು. ಇಂದು ಹೆದ್ದಾರಿಯ ಸೇತುವೆಯಿದೆ. ಭಟ್ಕಳ, ಹೊನ್ನಾವರ, ಕುಮಟೆಗಳ ಮೂಲಕ ಕೊಂಕಣ ರೈಲು ಓಡುತ್ತಿದೆ. ಕಿಸೆಯ ಮೊಬೈಲು ಮನುಷ್ಯನು ಹೋದೆಡೆಯಲ್ಲೆಲ್ಲ ಗುರುತು ಬಿಡುತ್ತದೆ. ಹಳೆಯ ಗಂಟು ಇಂದು ಗಂಟೇ ಅಲ್ಲ. ಆದ್ದರಿಂದ ಕಥೆಯನ್ನು ಹಳೆಯ ಕಾಲದಲ್ಲೇ ನಿಲ್ಲಿಸಬೇಕು. ಇಲ್ಲವೆ ದೋಣಿಯ ಬದಲು ಅಷ್ಟೇ ಗಟ್ಟಿಯಾದ ಹೊಸ ಗಂಟನ್ನು ಹೆಣೆಯಬೇಕು. ಪಂಚೆಯ ಬದಲು ಪ್ಯಾಂಟು ತೊಡಿಸಿ ಕೈಗೆ ಮೊಬೈಲು ಕೊಟ್ಟಮಾತ್ರಕ್ಕೆ ಪುನರ್ಜನ್ಮವಾಗದು.

ಬದಲಾಗದೆ ಉಳಿಯಬೇಕಾದವು ಕೆಲವೇ: ಎಲ್ಲರೂ ನೋಡಿಯೂ ಕಾಣದುದನ್ನು ಕಾಣುವ ಕಣ್ಣು, ನಮ್ಮಂತೆ ತಬ್ಬಿಬ್ಬಾಗುವ ಒಬ್ಬ ಗೆಳೆಯ, ಮತ್ತು ನಿರಪರಾಧಿಗೆ ಶಿಕ್ಷೆಯಾಗಕೂಡದೆಂಬ ಹಟ. ಇವಿದ್ದರೆ ಪುರುಷೋತ್ತಮನು ಬೆಂಗಳೂರಿನ ಗಲ್ಲಿಯಲ್ಲಾಗಲಿ ಬಾಡದ ಮರಳಿನಲ್ಲಾಗಲಿ ಸಲೀಸಾಗಿ ನಡೆದಾನು. ಅವನನ್ನು ಕರೆತರುವ ಧೈರ್ಯ ನಮ್ಮ ಕಿರುತೆರೆಯವರಿಗೆ ಬರಲಿ. ಬಾಗಿಲು ತೆರೆಯುವುದಕ್ಕೆ ಕನ್ನಡದ ಮನೆಗಳು ಹಿಂಜರಿಯಲಾರವು.