ನಾನು ಬರೆದ ಪುಸ್ತಕ ನನ್ನದಲ್ಲ

ಕಳೆದ ದೀಪಾವಳಿಗೆ ಪುಣೆಯ ಕೋಥ್ರೂಡಿನ ಮನೆ ಸ್ವಚ್ಛ ಮಾಡುವಾಗ ಹಳೆಯ ಹಾರ್ಡ್ ಡಿಸ್ಕೊಂದು ಸಿಕ್ಕಿತು. ಅದರೊಳಗೆ, ಸುರತ್ಕಲ್ಲಿನ ಹಾಸ್ಟೆಲ್‌ನಲ್ಲಿ ಎಂಟೆಕ್ ಓದುವಾಗ ಬರೆದ 180 ಪುಟದ ಒಂದು ಕಾದಂಬರಿ ಇತ್ತು. ಥೀಸಿಸ್ ಬರೆಯಬೇಕಾದ ರಾತ್ರಿಗಳಲ್ಲಿ ಬರೆದದ್ದು. ಟಾಲ್ಕಿನ್ ಅವರ 'ದಿ ಲಾರ್ಡ್ ಆಫ್ ದಿ ರಿಂಗ್ಸ್' ಎಲ್ಲಿ ಮುಗಿಯುತ್ತದೋ ಅಲ್ಲಿಂದ ಮುಂದಿನ ಕತೆ. ಫ್ರೋಡೋ ಹಡಗು ಹತ್ತಿ ಹೋದ ಮೇಲೆ ಊರಲ್ಲೇ ಉಳಿದ ಸ್ಯಾಮ್ ಏನು ಮಾಡಿದ ಎಂಬುದು ನನ್ನನ್ನು ಆಗ ಬಹಳ ಕಾಡಿತ್ತು. ನನ್ನ ಸ್ಯಾಮ್ ಧಾರವಾಡದ ಕನ್ನಡ ಮಾತಾಡುತ್ತಾನೆ, ಬೆಳಿಗ್ಗೆ ಎದ್ದು ರೊಟ್ಟಿ ತಿನ್ನುತ್ತಾನೆ. ಇಂಥ ಬರವಣಿಗೆಗೆ ಫ್ಯಾನ್ ಫಿಕ್ಷನ್ ಎನ್ನುತ್ತಾರೆ ಎಂದು ಆಗ ಗೊತ್ತೂ ಇರಲಿಲ್ಲ.

ಹಿಂಜವಡಿಗೆ ಹೋಗುವ ಕಂಪನಿ ಬಸ್ಸಿನಲ್ಲಿ ನನ್ನ ಪಕ್ಕ ಕೂರುವ ಬೀದರಿನ ಗೆಳೆಯ ಅದನ್ನು ಫೋನಿನಲ್ಲೇ ನಾಲ್ಕು ದಿನಕ್ಕೆ ಓದಿ ಮುಗಿಸಿದ. ಪುಸ್ತಕ ಮಾಡು, 149 ರೂಪಾಯಿ ಇಡು ಎಂದು ದುಂಬಾಲು ಬಿದ್ದ. ಸ್ವಂತವಾಗಿ ಪುಸ್ತಕ ಪ್ರಕಟಿಸುವ ಜಾಲತಾಣಗಳು ಈಗ ಬೇಕಾದಷ್ಟಿವೆ. ಮುಖಪುಟ ತಯಾರಾಯಿತು, ಬೆಲೆ ನಮೂದಾಯಿತು. 'ಈ ಕೃತಿಯ ಹಕ್ಕು ನನ್ನದು' ಎಂಬಲ್ಲಿ ಟಿಕ್ ಕೂಡ ಹಾಕಿದೆ. ಷರತ್ತು ಓದದೆ ಟಿಕ್ ಹಾಕುವುದರಲ್ಲಿ ನಮ್ಮ ವೃತ್ತಿಯವರನ್ನು ಮೀರಿಸುವವರಿಲ್ಲ. ಹಿಂದೆ ನಿಂತಿದ್ದ ನನ್ನ ಹೆಂಡತಿ ಕೇಳಿದಳು: "ಆ ಹೆಸರುಗಳೆಲ್ಲ ನಿಮ್ಮವಲ್ಲವಲ್ರೀ, ಯಾರನ್ನಾದರೂ ಕೇಳಿದ್ದೀರಾ?"

ಕೇಳಿರಲಿಲ್ಲ. ಆ ರಾತ್ರಿ ಹುಡುಕಲು ಕೂತಾಗ ಎದುರಾದವರು ಡಿಮೆಟ್ರಿಯಸ್ ಪಾಲಿಕ್ರಾನ್.

ಇವರೂ ನನ್ನ ಹಾಗೆಯೇ ಟಾಲ್ಕಿನ್ ಹುಚ್ಚು ಹಿಡಿಸಿಕೊಂಡವರು. ಅಮೆರಿಕದವರು. 'ದಿ ಫೆಲೋಶಿಪ್ ಆಫ್ ದಿ ಕಿಂಗ್' ಎಂಬ ಮುಂದುವರಿದ ಕತೆ ಬರೆದರು. ಅದು ಒಂದು ಸರಣಿಯ ಮೊದಲ ಪುಸ್ತಕ ಮಾತ್ರ. ಟಾಲ್ಕಿನ್ ಎಸ್ಟೇಟಿಗೆ, ಅಂದರೆ ಲೇಖಕರ ಹಕ್ಕುಗಳನ್ನು ನೋಡಿಕೊಳ್ಳುವ ಸಂಸ್ಥೆಗೆ, ಮೊದಲೇ ಪತ್ರ ಬರೆದಿದ್ದರು. ಅನುಮತಿ ಸಿಕ್ಕಿರಲಿಲ್ಲ. ಆದರೂ 2022ರಲ್ಲಿ ತಾವೇ ಪ್ರಕಟಿಸಿ ಮಾರಾಟಕ್ಕಿಟ್ಟರು. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಅಮೆಜಾನ್‌ನ 'ದಿ ರಿಂಗ್ಸ್ ಆಫ್ ಪವರ್' ಸರಣಿ ಬಂತು. ಅದನ್ನು ನೋಡಿದ ಪಾಲಿಕ್ರಾನ್‌ಗೆ ಅದು ತಮ್ಮ ಪುಸ್ತಕದಿಂದಲೇ ಕದ್ದ ಹಾಗೆ ಕಂಡಿತು.

ಇಲ್ಲಿಗೆ ಸುಮ್ಮನಿದ್ದಿದ್ದರೆ ಬಹುಶಃ ಪುಸ್ತಕವನ್ನು ಮಾರುಕಟ್ಟೆಯಿಂದ ತೆಗೆಸುವುದರಲ್ಲಿ ಮುಗಿಯುತ್ತಿತ್ತೇನೋ. 2023ರ ಏಪ್ರಿಲ್‌ನಲ್ಲಿ ಅವರು ಅಮೆಜಾನ್ ಮತ್ತು ಟಾಲ್ಕಿನ್ ಎಸ್ಟೇಟ್ ಮೇಲೆಯೇ ಕ್ಯಾಲಿಫೋರ್ನಿಯಾದ ಫೆಡರಲ್ ಕೋರ್ಟಿನಲ್ಲಿ ದಾವೆ ಹೂಡಿದರು. ಕೇಳಿದ ಪರಿಹಾರ 25 ಕೋಟಿ ಡಾಲರ್, ನಮ್ಮ ಲೆಕ್ಕದಲ್ಲಿ ಎರಡು ಸಾವಿರ ಕೋಟಿ ರೂಪಾಯಿಗೂ ಹೆಚ್ಚು. ಟಾಲ್ಕಿನ್ ಮನೆಯವರ ಮೇಲೆಯೇ ಟಾಲ್ಕಿನ್ ಕತೆ ಕದ್ದಿದ್ದೀರಿ ಎಂಬ ಆರೋಪ! ಎಸ್ಟೇಟ್ ಪ್ರತಿಯಾಗಿ ಇನ್ನೊಂದು ಕೇಸು ಹಾಕಿತು.

ಆಗಸ್ಟ್‌ನಲ್ಲಿ ನ್ಯಾಯಾಧೀಶರು ಪಾಲಿಕ್ರಾನ್ ದಾವೆಯನ್ನು ವಜಾ ಮಾಡಿದರು. ಡಿಸೆಂಬರ್‌ನಲ್ಲಿ ಎರಡನೇ ಪೆಟ್ಟು ಬಿತ್ತು. ಪುಸ್ತಕವನ್ನಾಗಲಿ, ಸರಣಿಯ ಮುಂದಿನ ಭಾಗಗಳನ್ನಾಗಲಿ ಇನ್ನೆಂದೂ ಹಂಚಬಾರದು, ಮಾರಬಾರದು. ಇರುವ ಪ್ರತಿಗಳನ್ನೆಲ್ಲ, ಕಾಗದದ್ದೂ ಕಂಪ್ಯೂಟರಿನಲ್ಲಿರುವುದೂ ಸೇರಿ, ನಾಶ ಮಾಡಬೇಕು. ನಾಶ ಮಾಡಿದ್ದೇನೆಂದು ಕೋರ್ಟಿಗೆ ಪ್ರಮಾಣ ಮಾಡಿ ಬರೆದುಕೊಡಬೇಕು. ಜೊತೆಗೆ, ಹೂಡಲೇಬಾರದಿದ್ದ ದಾವೆ ಹೂಡಿದ್ದಕ್ಕಾಗಿ ಎದುರಾಳಿಗಳ ವಕೀಲರ ಫೀಸು 1,34,637 ಡಾಲರ್ ಕಟ್ಟಬೇಕು. ಅಂದಿನ ದರದಲ್ಲಿ ಒಂದು ಕೋಟಿ ಹತ್ತು ಲಕ್ಷ ರೂಪಾಯಿಗೂ ಮೇಲೆ.

ಫೀಸಿನ ವಿಷಯ ನನಗೆ ಹೊಸತು. ಅಮೆರಿಕದಲ್ಲಿ ಸಾಮಾನ್ಯವಾಗಿ ಸೋತರೂ ಗೆದ್ದರೂ ಅವರವರ ವಕೀಲರ ಖರ್ಚು ಅವರವರದೇ. ಕಾಪಿರೈಟ್ ಕಾಯ್ದೆ ಮಾತ್ರ ಗೆದ್ದವರ ಖರ್ಚನ್ನು ಸೋತವರ ಮೇಲೆ ಹಾಕುವ ಅಧಿಕಾರವನ್ನು ಕೋರ್ಟಿಗೆ ಕೊಡುತ್ತದೆ. ಅದನ್ನು ಗಟ್ಟಿಗೊಳಿಸಿದವರು ಜಾನ್ ಫೋಗರ್ಟಿ ಎಂಬ ರಾಕ್ ಗಾಯಕ. ತಮ್ಮದೇ ಹಳೆಯ ಹಾಡನ್ನು ತಾವೇ ಕದ್ದ ಆರೋಪ ಅವರ ಮೇಲಿತ್ತು! ಗೆದ್ದ ಮೇಲೂ ಫೀಸಿಗಾಗಿ ಸುಪ್ರೀಂ ಕೋರ್ಟಿನವರೆಗೆ ಹೋದರು. 1994ರಲ್ಲಿ ತೀರ್ಪು ಅವರ ಕಡೆ ಬಂತು, ಕೊನೆಗೆ 13 ಲಕ್ಷ ಡಾಲರ್‌ಗೂ ಹೆಚ್ಚು ಸಿಕ್ಕಿತು.

ಆದರೆ ನನ್ನ ನಿದ್ದೆ ಕೆಡಿಸಿದ್ದು ದುಡ್ಡಲ್ಲ. ಪಾಲಿಕ್ರಾನ್ ದಾವೆ ಬಿದ್ದುಹೋದ ಕಾರಣ. ಅನುಮತಿಯಿಲ್ಲದೆ ಇನ್ನೊಬ್ಬರ ಪಾತ್ರ, ಲೋಕ ತೆಗೆದುಕೊಂಡು ಕಟ್ಟಿದ ಕೃತಿಗೆ ಕಾಪಿರೈಟ್ ರಕ್ಷಣೆಯೇ ಇಲ್ಲ. ಅದರಲ್ಲಿ ನೀವೇ ಕಲ್ಪಿಸಿದ ಹೊಸ ಭಾಗಗಳಿಗೂ ಇಲ್ಲ. 1989ರಲ್ಲಿ ಇದೇ ಕ್ಯಾಲಿಫೋರ್ನಿಯಾ ಕೋರ್ಟ್ ಇದನ್ನೇ ಹೇಳಿತ್ತು. 'ರಾಕಿ' ಸಿನಿಮಾದ ನಾಲ್ಕನೇ ಭಾಗಕ್ಕೆ ತಾನು ಬರೆದುಕೊಟ್ಟ 31 ಪುಟದ ಕತೆಯನ್ನು ಬಳಸಿಕೊಂಡರೆಂದು ಟಿಮೊಥಿ ಆಂಡರ್ಸನ್ ಎಂಬುವರು ನಟ ಸ್ಟಲೋನ್ ಮೇಲೆ ಕೇಸು ಹಾಕಿದ್ದರು. ರಾಕಿ ನಿಮ್ಮವನಲ್ಲ, ಆದ್ದರಿಂದ ಈ 31 ಪುಟದಲ್ಲಿ ನಿಮಗೆ ಯಾವ ಹಕ್ಕೂ ಇಲ್ಲ ಎಂದಿತು ಕೋರ್ಟ್. ಅಂದರೆ ನಾಳೆ ನನ್ನ ಸ್ಯಾಮ್ ರೊಟ್ಟಿ ತಿನ್ನುವ ದೃಶ್ಯವನ್ನು ಯಾರಾದರೂ ಎತ್ತಿಕೊಂಡರೆ ಅಮೆರಿಕದಲ್ಲಿ ನಾನು ಬಾಯಿ ಬಿಡುವಂತಿಲ್ಲ. ಆಫೀಸಿನಲ್ಲಿ ಬೇರೆಯವರ ಕೋಡಿನ ಒಂದು ಫೈಲ್ ಬಳಸಬೇಕಾದರೂ ಲೈಸೆನ್ಸ್ ಏನೆಂದು ನೋಡುವವನು ನಾನು. ಕತೆಗೆ ಮಾತ್ರ ಆ ಬುದ್ಧಿ ಓಡಿರಲಿಲ್ಲ.

ಧಾರವಾಡದಲ್ಲಿ ವಕೀಲರಾಗಿರುವ ಸೋದರಮಾವನಿಗೆ ಫೋನ್ ಮಾಡಿದೆ. "ಅದೆಲ್ಲ ಅಮೆರಿಕಾದ್ದಾತು ಮಾಮಾ, ನಮ್ಮಲ್ಲಿ ಹೆಂಗ?" ಎಂದೆ.

"ಗೆದ್ದಾಂವ ಸೋತ, ಸೋತಾಂವ ಸತ್ತ ಅಂತ ಸುಮ್ನ ಅಂದಿಲ್ಲೋ ಅಳಿಯಾ," ಎಂದು ಶುರು ಮಾಡಿದರು. ನಮ್ಮ 1957ರ ಕಾಪಿರೈಟ್ ಕಾಯ್ದೆಯಲ್ಲೂ ಅನುವಾದ, ರೂಪಾಂತರ ಎಲ್ಲ ಮೂಲ ಲೇಖಕರ ಹಕ್ಕೇ. ತಪ್ಪು ಸಾಬೀತಾದರೆ ಆರು ತಿಂಗಳಿಂದ ಮೂರು ವರ್ಷ ಜೈಲು, 50 ಸಾವಿರದಿಂದ 2 ಲಕ್ಷದವರೆಗೆ ದಂಡಕ್ಕೆ ಅವಕಾಶವಿದೆ. ಲಾಭಕ್ಕಾಗಿ ಮಾಡದಿದ್ದರೆ ಕೋರ್ಟ್ ಕಡಿಮೆ ಮಾಡಬಹುದು. ವಾಣಿಜ್ಯ ವ್ಯಾಜ್ಯಗಳಿಗೆ 2015ರಲ್ಲಿ ಬೇರೆ ಕಾಯ್ದೆ ಬಂದ ಮೇಲೆ, ಆ ಕೋರ್ಟುಗಳಲ್ಲಿ ಸೋತವನು ಗೆದ್ದವನ ಖರ್ಚು ಕೊಡುವುದೇ ಸಾಮಾನ್ಯ ನಿಯಮ, ವಕೀಲರ ಫೀಸೂ ಸೇರಿ.

"ಹಂಗಾದ್ರ ಫುಕಟ್ ಹಂಚಲೇನು?"

"ರೊಕ್ಕ ತಗೊಳ್ಳಲಿಲ್ಲ ಅಂದ್ರ ತಪ್ಪಲ್ಲ ಅಂತ ಏನಿಲ್ಲ. ಆದ್ರ ದೋಸ್ತಗ ಓದಾಕ ಕೊಟ್ರ ನಿನ್ನ ಬಾಗಲಕ ಯಾರೂ ಬರಂಗಿಲ್ಲ. ರೇಟ್ ಹಾಕಿದಿ ಅಂದ್ರ ಬರ್ತಾರ."

ನನಗೆ ಸಮಾಧಾನವಾಗಲಿಲ್ಲ. ಪಂಪ, ಕುಮಾರವ್ಯಾಸ ಯಾರ ಅನುಮತಿ ಕೇಳಿದ್ದರು? ಸುರತ್ಕಲ್ಲಿನಲ್ಲಿದ್ದಾಗ ರಾತ್ರಿಯಿಡೀ ತಾಳಮದ್ದಳೆ ಕೇಳಿದ್ದೇನೆ. ಅಲ್ಲಿ ಕರ್ಣನ ಬಾಯಲ್ಲಿ ಅರ್ಥಧಾರಿ ಆಡುವ ಮಾತು ಯಾವ ಗ್ರಂಥದಲ್ಲೂ ಇರುವುದಿಲ್ಲ. ಮಾವ ನಕ್ಕು, ಕಾರಂತರ ಕೇಸು ಓದು ಎಂದರು. ಓದಿದೆ. ಶಿವರಾಮ ಕಾರಂತರು ಯಕ್ಷಗಾನಕ್ಕೆ ಕೊಟ್ಟ ಹೊಸ ಬ್ಯಾಲೆ ರೂಪದ ಹಕ್ಕು ಯಾರದು ಎಂಬುದು ಅವರು ತೀರಿಕೊಂಡ ಮೇಲೆ ಉಡುಪಿಯಿಂದ ಸುಪ್ರೀಂ ಕೋರ್ಟಿಗೆ ಹೋಗಿತ್ತು. 2001ರಲ್ಲಿ ದೆಹಲಿಯಲ್ಲಾದ 'ಅಭಿಮನ್ಯು ವಧೆ' ಪ್ರದರ್ಶನದಿಂದ ಎದ್ದ ಜಗಳ. ಉಯಿಲಿನ ಪ್ರಕಾರ ಪಡೆದವರದ್ದೇ ಹಕ್ಕು, ಕಾಯ್ದೆಯ ವಿನಾಯಿತಿಗಳ ಒಳಗೆ ಮಾತ್ರ ಶಿಕ್ಷಣ ಸಂಸ್ಥೆ ಆಡಬಹುದು ಎಂದು 2009ರಲ್ಲಿ ತೀರ್ಪಾಯಿತು. ಅಭಿಮನ್ಯು ಎಲ್ಲರವನು. ಅವನನ್ನು ಕಾರಂತರು ಕುಣಿಸಿದ ಬಗೆ ಎಲ್ಲರದಲ್ಲ.

ಬಸ್ಸಿನ ಗೆಳೆಯ ಇನ್ನೂ ಪಟ್ಟು ಬಿಟ್ಟಿಲ್ಲ. ಹೆಸರು ಬದಲಿಸು, 'ಫಿಫ್ಟಿ ಶೇಡ್ಸ್' ಕೂಡ ಮೊದಲು 'ಟ್ವೈಲೈಟ್' ಅಭಿಮಾನಿ ಕತೆಯೇ, ಹೆಸರು ಬದಲಿಸಿ ಕೋಟಿಗಟ್ಟಲೆ ಮಾರಾಟವಾಯಿತು ಎನ್ನುತ್ತಾನೆ. ಒಂದು ಭಾನುವಾರ ಪ್ರಯತ್ನಿಸಿದೆ. ಸ್ಯಾಮ್ ಶಾಮಣ್ಣನಾದ. ಹಡಗು, ಉಂಗುರ, ಫ್ರೋಡೋನ ನೆನಪು ತೆಗೆದ ಮೇಲೆ ಶಾಮಣ್ಣ ಯಾಕೆ ಅಷ್ಟು ಅಳುತ್ತಾನೆ ಎಂದು ನನಗೇ ತಿಳಿಯಲಿಲ್ಲ. ಹಳೆಯ ಹೆಸರನ್ನೇ ಮತ್ತೆ ಹಾಕಿದೆ.

ಟಾಲ್ಕಿನ್ ತೀರಿಕೊಂಡದ್ದು 1973ರಲ್ಲಿ. ಭಾರತದಲ್ಲಿ ಲೇಖಕರ ಮರಣದ ನಂತರ 60 ವರ್ಷ ಕಾಪಿರೈಟ್ ಇರುತ್ತದೆ, ಅಂದರೆ 2033ರ ಕೊನೆಯವರೆಗೆ. ಬ್ರಿಟನ್‌ನಲ್ಲಿ ಇನ್ನೂ ಹತ್ತು ವರ್ಷ ಹೆಚ್ಚು. ಆ ಟಿಕ್ ತೆಗೆದು, ತಾಣದಲ್ಲಿದ್ದ ಫೈಲ್ ಅಳಿಸಿದೆ. ಗೆಳೆಯನ ಫೋನಿನಲ್ಲಿ ಒಂದು ಪ್ರತಿ ಇದೆ. ಮೊನ್ನೆ ವಾಕಡ್ ಸಿಗ್ನಲ್ಲಿನಲ್ಲಿ ಬಸ್ಸು ನಿಂತಿದ್ದಾಗ, ಸ್ಯಾಮ್‌ನ ದೊಡ್ಡ ಮಗಳು ಆಮೇಲೆ ಎಲ್ಲಿಗೆ ಹೋಗುತ್ತಾಳೆ ಎಂದು ಕೇಳಿದ. ಆ ಅಧ್ಯಾಯ ಈಗ ಬರೆಯುತ್ತಿದ್ದೇನೆ.