ಹೊಳೆಯ ಸುಳಿ ಮತ್ತು ಷೆಲ್ಲಿಂಗ್

ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟುವ ದಕ್ಷಿಣ ಪಿನಾಕಿನಿ ಹೊಸೂರು, ಕೃಷ್ಣಗಿರಿಗಳನ್ನು ದಾಟಿ, ತೆನ್‌ಪೆಣ್ಣೈ ಎಂಬ ಹೆಸರಿನಲ್ಲಿ ಧರ್ಮಪುರಿ ಜಿಲ್ಲೆಯ ಕಂಬೈನಲ್ಲೂರಿನ ಆಸುಪಾಸಿಗೆ ಬರುತ್ತದೆ. ಹೊಳೆ ತುಂಬಿ ಹರಿಯುವಾಗ ಬಂಡೆಯೊಂದರ ಹಿಂದೆ ಸುಳಿ ಏಳುತ್ತದೆ. ಅದಕ್ಕೊಂದು ಆಕಾರವಿದೆ, ಜಾಗವಿದೆ. ಗಂಟೆ ಬಿಟ್ಟು ನೋಡಿದರೂ ಅಲ್ಲೇ ಇರುತ್ತದೆ. ಒಳಗಿನ ನೀರು ಮಾತ್ರ ಆಗಿನದಲ್ಲ. ಹಾಗಾದರೆ ಸುಳಿ ಒಂದು ವಸ್ತುವೋ, ನೀರಿನ ನಡೆಯೋ?

1799ರಲ್ಲಿ ಜರ್ಮನಿಯ ಯೇನಾದಲ್ಲಿ ಪಾಠ ಹೇಳುತ್ತಿದ್ದ ತತ್ತ್ವಜ್ಞಾನಿ ಷೆಲ್ಲಿಂಗ್ ತನ್ನ ಪ್ರಕೃತಿದರ್ಶನವನ್ನು ವಿವರಿಸಲು ಆರಿಸಿಕೊಂಡ ಉದಾಹರಣೆಯೂ ಹೊಳೆಯ ಸುಳಿಯೇ. ಕಲ್ಲು, ಗಿಡ, ಪ್ರಾಣಿ ಎಂದು ನಾವು ಗುರುತಿಸುವುದೆಲ್ಲ, ಎಡೆಬಿಡದೆ ಹರಿಯುವ ಸೃಷ್ಟಿಶಕ್ತಿ ತಡೆ ಸಿಕ್ಕಲ್ಲಿ ಸುತ್ತುವ ಬಗೆ. ಅವು ಕ್ಷಣಕ್ಷಣವೂ ಅಳಿಯುತ್ತವೆ, ಕ್ಷಣಕ್ಷಣವೂ ಮತ್ತೆ ಮೂಡುತ್ತವೆ. ಆಗ ಅವನಿಗೆ ಇಪ್ಪತ್ತನಾಲ್ಕು ವರ್ಷ.

ಷೆಲ್ಲಿಂಗ್ ಹುಟ್ಟಿದ್ದು 1775ರಲ್ಲಿ, ಲಿಯೋನ್‌ಬರ್ಗ್‌ನಲ್ಲಿ. ಹದಿನೈದಕ್ಕೇ ಟ್ಯೂಬಿಂಗೆನ್‌ನ ದೈವಶಾಸ್ತ್ರದ ವಿದ್ಯಾರ್ಥಿನಿಲಯ ಸೇರಿದ. ಅಲ್ಲಿ ಜೊತೆಗಾರರಾಗಿ ಸಿಕ್ಕವರು ಅವನಿಗಿಂತ ಐದು ವರ್ಷ ಹಿರಿಯರಾದ ಹೆಗೆಲ್ ಮತ್ತು ಕವಿ ಹೋಲ್ಡರ್ಲಿನ್. ಆಗ ಹೊಸ ಚಿಂತನೆಯ ಮುಂದಾಳು ಫಿಖ್ಟೆ. ಎಲ್ಲಕ್ಕೂ ‘ನಾನು’ ಎಂಬ ಚೈತನ್ಯವೇ ಮೂಲ, ಪ್ರಕೃತಿಯೆಂದರೆ ಅದಕ್ಕೆ ಎದುರಾಗುವ ಗಡಿ ಎಂಬುದು ಅವನ ವಾದ. ಷೆಲ್ಲಿಂಗ್ ಆ ದಾರಿಯಲ್ಲೇ ಹೊರಟವನು. 1797ರ ಹೊತ್ತಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಪ್ರಕೃತಿ ಬರೀ ಗಡಿಯಾದರೆ ಅದರೊಳಗಿಂದಲೇ ಯೋಚಿಸುವ ಜೀವ ಹೇಗೆ ಹುಟ್ಟಿತು? ಮನಸ್ಸಿಗೂ ಮಣ್ಣಿಗೂ ಬೇರು ಒಂದೇ ಇರಬೇಕು. ಅವನ ಬರಹದಲ್ಲಿ ನನಗೆ ಇಂದಿಗೂ ಎಲ್ಲಕ್ಕಿಂತ ಜೀವಂತವಾಗಿ ಕಾಣುವುದು ಈ ಪ್ರಶ್ನೆಯೇ.

ಈ ದರ್ಶನ ವಿಜ್ಞಾನಕ್ಕೆ ಮಾಡಿದ ಉಪಕಾರ ಸಣ್ಣದಲ್ಲ. ಪ್ರಕೃತಿಯ ಬಲಗಳೆಲ್ಲ ಒಳಗೊಳಗೇ ಒಂದು ಎಂಬ ನಂಬಿಕೆಯಲ್ಲಿ ಬೆಳೆದ ಡೆನ್ಮಾರ್ಕಿನ ಅರ್ಸ್ಟೆಡ್, 1820ರಲ್ಲಿ ತಂತಿಯಲ್ಲಿ ವಿದ್ಯುತ್ ಹರಿಸಿದಾಗ ಪಕ್ಕದ ದಿಕ್ಸೂಚಿಯ ಮುಳ್ಳು ಹೊರಳಿದ್ದನ್ನು ಕಂಡ. ವಿದ್ಯುತ್ತಿಗೂ ಅಯಸ್ಕಾಂತಕ್ಕೂ ನಂಟಿದೆಯೆಂದು ಜಗತ್ತಿಗೆ ತಿಳಿದದ್ದು ಹೀಗೆ. ಪ್ರಯೋಗದ ಗೊಡವೆಯಿಲ್ಲದೆ ಹೋಲಿಕೆಗಳಲ್ಲೇ ಸಿದ್ಧಾಂತ ಹೆಣೆದ ಅನುಯಾಯಿಗಳೂ ಇದ್ದರು. ಅವರಿಂದ ಷೆಲ್ಲಿಂಗ್‌ನ ಹೆಸರು ವಿಜ್ಞಾನಿಗಳ ನಡುವೆ ಕೆಟ್ಟಿತು. ಗೆಳೆಯ ಹೆಗೆಲ್ ಕೂಡ 1807ರ ತನ್ನ ಗ್ರಂಥದ ಮುನ್ನುಡಿಯಲ್ಲಿ ಚುಚ್ಚಿದ, ಸ್ನೇಹ ಮುರಿಯಿತು. ಹೆಗೆಲ್ ತೀರಿಕೊಂಡು ಹತ್ತು ವರ್ಷವಾದ ಮೇಲೆ, 1841ರಲ್ಲಿ, ಬರ್ಲಿನ್ನಿಗೆ ಕರೆಸಿಕೊಂಡಾಗ ಷೆಲ್ಲಿಂಗ್‌ನ ಉಪನ್ಯಾಸ ಕೇಳಲು ಕೂತವರಲ್ಲಿ ಕೀರ್ಕೆಗಾರ್ಡ್, ಎಂಗೆಲ್ಸ್, ಬಕುನಿನ್ ಇದ್ದರು. ಮೂವರೂ ಮುಂದೆ ಹಿಡಿದದ್ದು ಬೇರೆಬೇರೆ ದಾರಿ.

ಕನ್ನಡಕ್ಕೆ ಅವನ ವಿಚಾರ ಬಂದದ್ದು ಸುತ್ತುದಾರಿಯಲ್ಲಿ. ಇಂಗ್ಲಿಷ್ ಕವಿ ಕೋಲ್‌ರಿಜ್ 1817ರ ‘ಬಯೋಗ್ರಾಫಿಯಾ ಲಿಟರೇರಿಯಾ’ದಲ್ಲಿ ಷೆಲ್ಲಿಂಗ್‌ನ ಎಷ್ಟೋ ಭಾಗಗಳನ್ನು ಹೆಸರು ಹೇಳದೆ ಹಾಗೇ ಇಳಿಸಿಕೊಂಡಿದ್ದಾನೆ. ಕವಿಯ ಕಲ್ಪನೆಯೂ ಪ್ರಕೃತಿಯ ಸೃಷ್ಟಿಯೂ ಒಂದೇ ಶಕ್ತಿಯ ಕೆಲಸ ಎಂಬ ವಿಚಾರ ಇಂಗ್ಲಿಷ್ ರಮ್ಯಕಾವ್ಯದ ಜೊತೆಗೆ ಮೈಸೂರಿನ ಮಹಾರಾಜಾ ಕಾಲೇಜಿನ ತರಗತಿಗಳಿಗೂ ಬಂತು. ಬಿ.ಎಂ.ಶ್ರೀ. ಪಾಠ ಹೇಳಿದ್ದು, ಕುವೆಂಪು ಓದಿದ್ದು ಅಲ್ಲೇ. ಕುವೆಂಪು ಅವರಿಗೆ ಉಪನಿಷತ್ತು, ಪರಮಹಂಸರು, ಮಲೆನಾಡಿನ ಕಾಡು ಇನ್ನೂ ಹತ್ತಿರದ ಒರತೆಗಳಾಗಿದ್ದವು. ಆದರೂ ನವೋದಯದ ನಿಸರ್ಗಕಾವ್ಯದ ಹಿನ್ನೆಲೆ ಬರೆಯುವವರು ವರ್ಡ್ಸ್‌ವರ್ತ್, ಶೆಲ್ಲಿಯರ ಹೆಸರು ಹೇಳಿ ನಿಲ್ಲದೆ, ಒಂದು ಹೆಜ್ಜೆ ಹಿಂದೆ ಹೋಗಿ ಯೇನಾದ ಈ ತರುಣನನ್ನೂ ಓದಬೇಕು.