ಬಾಡಿಗೆ ಇಲ್ಲದ ಮನೆ, ಲೆಕ್ಕ ಬೇಕಾದ ಬಡಾವಣೆ

ತೋಟ ಬಿಟ್ಟು ತಿಂಗಳುಗಟ್ಟಲೆ ಬೆಂಗಳೂರಿನಲ್ಲಿ ನಿಲ್ಲಬೇಕಾದ ಸಂದರ್ಭ ನಮ್ಮ ಬೆಳೆಗಾರರಿಗೆ ಆಗಾಗ ಬರುತ್ತದೆ. ಮಗಳ ಹೆರಿಗೆ, ಮಗನ ಸಿಇಟಿ ತರಬೇತಿ, ಎಲ್ಲಕ್ಕಿಂತ ಹೆಚ್ಚಾಗಿ ಮನೆಯ ಹಿರಿಯರ ಚಿಕಿತ್ಸೆ. ಆರು ವಾರ ಲಾಡ್ಜಿನಲ್ಲಿರುವುದು ಎರಡು-ಮೂರು ಎಕರೆಯವರಿಗೆ ಆಗುವ ಮಾತಲ್ಲ. ನೆಂಟರ ಮನೆಯಲ್ಲಿ ಇರುವುದಕ್ಕೂ ಒಂದು ಮಿತಿಯಿದೆ. ಆದ್ದರಿಂದ ಮನೆ ಅದಲುಬದಲಿನ ಕ್ರಮವನ್ನು ಸದಸ್ಯ ಬಾಂಧವರ ಗಮನಕ್ಕೆ ತರಬಯಸುತ್ತೇವೆ. ನಗರದ ಕುಟುಂಬ ನಮ್ಮ ತೋಟದ ಮನೆಗೆ ಬರುತ್ತದೆ, ನಾವು ಅವರ ಮನೆಗೆ ಹೋಗುತ್ತೇವೆ. ಯಾರೂ ಯಾರಿಗೂ ಬಾಡಿಗೆ ಕೊಡುವುದಿಲ್ಲ.

ಬಾಡಿಗೆ ಇಲ್ಲವೆಂದ ಮಾತ್ರಕ್ಕೆ ಖರ್ಚಿಲ್ಲವೆಂದು ತಿಳಿಯಬಾರದು. ಖರ್ಚು ಮನೆಯಲ್ಲಿಲ್ಲ, ಬಡಾವಣೆಯಲ್ಲಿದೆ.

ದೂರದ ಲೆಕ್ಕ

ಒಂದು ಉದಾಹರಣೆ ನೋಡೋಣ. ಕ್ಯಾನ್ಸರಿಗೆ ಕೊಡುವ ವಿಕಿರಣ ಚಿಕಿತ್ಸೆಗೆ ಸಾಮಾನ್ಯವಾಗಿ ವಾರಕ್ಕೆ ಐದು ದಿನ ಆಸ್ಪತ್ರೆಗೆ ಹೋಗಬೇಕು. ಆರು ವಾರವೆಂದರೆ 30 ದಿನ. ಬೆಂಗಳೂರಿನಲ್ಲಿ 2025ರ ಆಗಸ್ಟ್ 1ರಿಂದ ಜಾರಿಗೆ ಬಂದ ಆಟೋ ದರದಂತೆ ಮೊದಲ 2 ಕಿ.ಮೀ.ಗೆ 36 ರೂ., ನಂತರ ಪ್ರತಿ ಕಿ.ಮೀ.ಗೆ 18 ರೂ. ಮನೆ ಆಸ್ಪತ್ರೆಯಿಂದ 4 ಕಿ.ಮೀ. ದೂರವಿದ್ದರೆ ಹೋಗಿಬರಲು 144 ರೂ., 30 ದಿನಕ್ಕೆ 4,320 ರೂ. ಅದೇ 14 ಕಿ.ಮೀ. ಆದರೆ ದಿನಕ್ಕೆ 504 ರೂ., ಒಟ್ಟು 15,120 ರೂ. ವ್ಯತ್ಯಾಸ 10,800 ರೂ. ಇದು ಮೀಟರಿನ ಲೆಕ್ಕ. ಮೀಟರು ಹಾಕದಿದ್ದರೆ ಇನ್ನೂ ಹೆಚ್ಚು. ರೋಗಿಯ ಆಯಾಸಕ್ಕಂತೂ ಬೆಲೆ ಕಟ್ಟಲಾಗದು.

ಕಿದ್ವಾಯಿ ಅಥವಾ ನಿಮ್ಹಾನ್ಸ್‌ಗೆ ಹೋಗುವವರಿಗೆ ಊರಾಚೆಯ ಮೂರು ಕೋಣೆಗಳ ಹೊಸ ಫ್ಲಾಟಿಗಿಂತ ಜಯನಗರ, ವಿಲ್ಸನ್ ಗಾರ್ಡನ್ ಕಡೆಯ ಒಂದು ಕೋಣೆಯ ಹಳೆಯ ಮನೆಯೇ ಲಾಭ. ಜಯದೇವ ಹೃದ್ರೋಗ ಸಂಸ್ಥೆಗೆ ಹೋಗುವವರಿಗೆ 2025ರ ಆಗಸ್ಟ್‌ನಲ್ಲಿ ಆರಂಭವಾದ ಹಳದಿ ಮಾರ್ಗದ ಮೆಟ್ರೋ ಹತ್ತಿರವೇ ನಿಲ್ಲುತ್ತದೆ. 2025ರ ಫೆಬ್ರವರಿಯ ಪರಿಷ್ಕರಣೆಯಲ್ಲಿ ಮೆಟ್ರೋ ದರ ಕನಿಷ್ಠ 10 ರೂ., ಗರಿಷ್ಠ 90 ರೂ. ಎಂದಾಯಿತು. ಆದರೆ ನಿಲ್ದಾಣಕ್ಕೆ ನಡೆದು ಹೋಗುವಷ್ಟು ಹತ್ತಿರ ಮನೆಯಿದ್ದರೆ ಮಾತ್ರ ಅದು ಅಗ್ಗ. ನಿಲ್ದಾಣದವರೆಗೂ ಆಟೋ ಹಿಡಿಯುವಂತಿದ್ದರೆ ಉಳಿತಾಯ ಅಲ್ಲೇ ಕರಗುತ್ತದೆ.

ನೀರಿನ ಲೆಕ್ಕ

ಕೊಯ್ಲು ಮುಗಿದು, ಹೂಮಳೆ ಕಳೆದು, ಬೋರ್ಡೋ ದ್ರಾವಣ ಸಿಂಪಡಿಸುವ ಗಡಿಬಿಡಿಗೆ ಮುಂಚೆ ನಮಗೆ ಸ್ವಲ್ಪ ಬಿಡುವು. ನಗರದವರಿಗೂ ಮಕ್ಕಳ ರಜೆ ಏಪ್ರಿಲ್-ಮೇ ತಿಂಗಳಲ್ಲೇ. ಅದಲುಬದಲಿಗೆ ಇಬ್ಬರಿಗೂ ಹೊಂದುವ ಕಾಲ ಅದು. ಬೆಂಗಳೂರಿನಲ್ಲಿ ನೀರು ತುಟ್ಟಿಯಾಗುವ ಕಾಲವೂ ಅದೇ!

2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿ, ಟ್ಯಾಂಕರಿನ ಬೆಲೆ ಏರಿ, ಕೊನೆಗೆ ಜಿಲ್ಲಾಡಳಿತವೇ ದರ ಗೊತ್ತುಮಾಡಬೇಕಾಯಿತು: 5 ಕಿ.ಮೀ. ಒಳಗೆ 6,000 ಲೀಟರಿಗೆ 600 ರೂ. ಅದೇ ವರ್ಷ ಅಕ್ಟೋಬರಿನಲ್ಲಿ ಕಾವೇರಿ ಐದನೇ ಹಂತ ಆರಂಭವಾಗಿ ಹೊರವಲಯದ 110 ಹಳ್ಳಿಗಳಿಗೆ ನೀರು ಕೊಡುವ ವ್ಯವಸ್ಥೆಯಾಯಿತು. ಬಡಾವಣೆಗೆ ಕೊಳವೆ ಬಂತೆಂದರೆ ಮನೆಯ ನಲ್ಲಿಗೂ ನೀರು ಬಂತೆಂದಲ್ಲ. ಕಾವೇರಿ ನೀರು ವಾರಕ್ಕೆ ಎಷ್ಟು ದಿನ ಬರುತ್ತದೆ, ಮಿಕ್ಕ ದಿನ ಏನು ಗತಿ, ಟ್ಯಾಂಕರ್ ತರಿಸಿದರೆ ಹಣ ಯಾರದು ಎಂದು ಮೊದಲೇ ಕೇಳಬೇಕು.

ಮನೆಯೊಳಗಿನ ಬಾಕಿ

ಫ್ಲಾಟಿನ ತಿಂಗಳ ನಿರ್ವಹಣಾ ಶುಲ್ಕವನ್ನು ಮಾಲೀಕರೇ ಕೊಡುವುದು ನ್ಯಾಯ. ವಿದ್ಯುತ್ತಿನ ವಿಷಯ ಸೂಕ್ಷ್ಮ. 2023ರಲ್ಲಿ ಜಾರಿಯಾದ ಗೃಹಜ್ಯೋತಿ ಯೋಜನೆಯಲ್ಲಿ ಆ ಮನೆಯ ಹಿಂದಿನ ಸರಾಸರಿ ಬಳಕೆಗೆ ಸ್ವಲ್ಪ ಸೇರಿಸಿ ಉಚಿತ ಮಿತಿ ಹಾಕಿದ್ದಾರೆ. 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ಲು ಬರುತ್ತದೆ. ಇಬ್ಬರಿದ್ದ ಮನೆಯಲ್ಲಿ ನಾವು ಐವರು ಇಳಿದರೆ ಹೆಚ್ಚುವರಿ ಬಿಲ್ಲು ನಮ್ಮದೇ ಎಂದು ಮೊದಲೇ ಒಪ್ಪಿಕೊಳ್ಳುವುದು ಲೇಸು. ತರಕಾರಿ, ಹಾಲು, ಔಷಧದಂಗಡಿ ನಡೆದು ಹೋಗುವಷ್ಟು ಹತ್ತಿರವೇ ಎಂಬುದನ್ನೂ ವಿಚಾರಿಸಿಕೊಳ್ಳಬೇಕು. ಮಲ್ಲೇಶ್ವರ, ಬಸವನಗುಡಿಯಂತಹ ಹಳೆಯ ಬಡಾವಣೆಗಳಲ್ಲಿ ಈ ಅನುಕೂಲವಿದೆ. ಜೀಪು ನಿಲ್ಲಿಸಲು ಮಾತ್ರ ಜಾಗ ಸಿಗುವುದು ಕಷ್ಟ.

ನಮ್ಮ ಕಡೆಯ ಪ್ರಾಮಾಣಿಕತೆ

ನಮ್ಮ ಮನೆಗೆ ಬರುವವರಿಗೂ ಇದೇ ಲೆಕ್ಕ ಅನ್ವಯಿಸುತ್ತದೆ. ಬಸ್ಸು ಇಳಿಯುವ ಜಾಗದಿಂದ ಮನೆಗೆ ಜೀಪಿನ ಬಾಡಿಗೆ ಎಷ್ಟು, ವೈದ್ಯರು ಎಷ್ಟು ದೂರ, ಕರೆಂಟು ಹೋದರೆ ಎಷ್ಟು ಹೊತ್ತಿಗೆ ಬರುತ್ತದೆ, ಮಳೆ ಹಿಡಿದರೆ ಜಿಗಣೆ ಕಾಟ ಎಷ್ಟು ಎಂಬುದನ್ನು ಮುಚ್ಚಿಡದೆ ತಿಳಿಸಬೇಕು. ಹಸಿರು ತೋಟದ ಚಿತ್ರ ಕಳಿಸಿ ಉಳಿದದ್ದನ್ನು ನುಂಗಿಕೊಂಡರೆ, ಅವರೂ ಅವರ ಟ್ಯಾಂಕರಿನ ಮಾತು ನುಂಗಿಕೊಳ್ಳುತ್ತಾರೆ.

ಆದ್ದರಿಂದ ಒಪ್ಪುವ ಮೊದಲು ಒಂದು ಹಾಳೆಯ ಮೇಲೆ ಆರು ವಾರದ ಓಡಾಟ, ನೀರು, ವಿದ್ಯುತ್ತು, ದಿನಸಿ ಈ ನಾಲ್ಕನ್ನು ಬರೆದು ಕೂಡಿಸಿ. ಎರಡು ಮನೆಗಳ ಮೊತ್ತ ಪಕ್ಕಪಕ್ಕ ಇಟ್ಟು ನೋಡಿ. ಗೊಬ್ಬರ ಕೊಳ್ಳುವಾಗ ಚೀಲದ ಬೆಲೆಯ ಜೊತೆಗೆ ಸಾಗಣೆಯನ್ನೂ ಸೇರಿಸಿ ಲೆಕ್ಕ ಹಾಕುವ ನಮಗೆ ಇದು ಹೊಸ ವಿದ್ಯೆಯೇನೂ ಅಲ್ಲ.